ರೇವವ್ವ ಇಳಿದಳು, ಮೂಕಿ ಎದ್ದಿತು

ಹತಾರ, ಯಂತ್ರಗಳನ್ನು ಪೂಜಿಸುವ ಖಂಡೇಪೂಜೆಯ ಮುಂಜಾನೆ ತಿರ್ಲಾಪುರದ ಅರ್ಧ ಊರಿನ ಕಣ್ಣೆದುರು ಹವಾಲ್ದಾರ ಮಡಿವಾಳೆಪ್ಪ ನೆಲ ಬಿಟ್ಟು ಮೇಲೇರಿದ. ಏರಿದ್ದು ಬಹಳವಲ್ಲ, ಒಂದಾಳೆತ್ತರ. ಆದರೆ ಏರಿದ ರೀತಿಯನ್ನು ಮಾತ್ರ ಮಿಲಿಟರಿಯಲ್ಲಿ ಯಾರೂ ಅವನಿಗೆ ಕಲಿಸಿರಲಿಲ್ಲ.

ಆದದ್ದಿಷ್ಟು. ಮನೆಯ ಮುಂದೆ ಅವನ ಹೊಸ ಟ್ರೇಲರು ನಿಂತಿತ್ತು. ಊರವರ ಬಾಯಲ್ಲಿ ಅದು ‘ಟೇಲರ’. ಹಳೆಯ ಲಾರಿಯ ಅಚ್ಚು, ಎರಡು ಗಾಲಿ, ಹಾಸಿನ ಮೇಲೆ ಹಸಿರು ಬಣ್ಣದ ಮಿಲಿಟರಿ ಜನರೇಟರು, ಮುಂದೆ ಟ್ರ್ಯಾಕ್ಟರಿಗೆ ಸಿಗಿಸುವ ಕಬ್ಬಿಣದ ಮೂಕಿ. ಮುಂಭಾಗದ ಹತಾರದ ಪೆಟ್ಟಿಗೆಯ ಮೇಲೆ ಅವನ ಹೆಂಡತಿ ರೇವವ್ವ ಕೂತು ಯಂತ್ರದ ಮುಖಕ್ಕೆ ವಿಭೂತಿ ಬಳಿಯುತ್ತಿದ್ದಳು. ಮಡಿವಾಳೆಪ್ಪ ಇಸ್ತ್ರಿ ಹೊಡೆದ ಖಾಕಿ ಪ್ಯಾಂಟು ತೊಟ್ಟು, ಮೂಕಿಯನ್ನು ಎರಡೂ ಕಾಲ ನಡುವೆ ಹಾಕಿಕೊಂಡು ನಿಂತು, ಅದರ ತುದಿಗೆ ಚೆಂಡುಹೂವಿನ ಸರ ಕಟ್ಟುತ್ತಿದ್ದ.

“ಆರತಿ ತಾರಬೇ, ಹೊತ್ತಾತು,” ಎಂದ.

ರೇವವ್ವ ಆರತಿ ತರಲು ಕೆಳಗಿಳಿದಳು. ಅಷ್ಟೇ ತಡ. ಜನರೇಟರು, ಹೊಟ್ಟೆ ತುಂಬ ಉಂಡ ಸಾವಕಾರ ಗಾದಿಗೆ ಒರಗುವ ಹಾಗೆ, ಸಾವಕಾಶ ಹಿಂದಕ್ಕೆ ಒರಗಿತು. ಮೂಕಿ ಸೆಲ್ಯೂಟ್ ಹೊಡೆಯುವಂತೆ ಎದ್ದಿತು. ಅದರ ಜೊತೆಗೆ ಹವಾಲ್ದಾರನೂ ಎದ್ದ. ಪ್ಯಾಂಟಿನ ಹೊಲಿಗೆ ಚರ್ ಎಂದಿತು. ಕಬ್ಬಿಣವನ್ನು ಅಪ್ಪಿಕೊಂಡು, ಕಾಲು ಬಡಿಯುತ್ತ, ಪಟ್ಟೆಪಟ್ಟೆಯ ಚಡ್ಡಿಯನ್ನು ಊರಿಗೆ ತೋರಿಸುತ್ತ ಅವನು ನೇತಾಡಿದ. ಮೂಕಿ ಯಾಕೆ ಹೀಗೆ ಮಾಡಿತೆಂದು ಮೂಕಿಯನ್ನೇ ಕೇಳಿ ಫಲವಿರಲಿಲ್ಲ. ಹೆಸರೇ ಹೇಳುವಂತೆ ಅದಕ್ಕೆ ಬಾಯಿಲ್ಲ.

ಬಾಯಿ ಇದ್ದದ್ದು ಬಾಜೂ ಮನೆಯ ಗೌರಕ್ಕನಿಗೆ. “ಏ ರೇವವ್ವಾ, ಓಡಿ ಬಾರಬೇ! ನಿನ್ನ ಗಂಡ ಮತ್ತ ಮಿಲ್ಟ್ರಿಗೆ ಹೊಂಟ ನೋಡು, ಈ ಸಲ ವಿಮಾನದಾಗ!”

ನಾಲ್ಕು ಜನ ಜಗ್ಗಿ ಮೂಕಿಯನ್ನು ಕೆಳಗಿಳಿಸಿದರು. ಟೇಲರ ಹರಿದ ಪ್ಯಾಂಟನ್ನು ಟೇಲರನೇ ಹೊಲಿಯಬೇಕಲ್ಲ ಎಂದು ಯಾರೋ ಅಂದರು, ನಗೆ ಎದ್ದಿತು. ರೇವವ್ವ ಮಾತ್ರ ನಗಲಿಲ್ಲ. ಆರತಿಯ ತಾಟು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಗೌರಕ್ಕನ ಮಾತಿನಲ್ಲಿದ್ದ ‘ಮತ್ತ’, ‘ಹೊಂಟ’ ಎಂಬೆರಡು ಪದ ಅವಳ ಎದೆಯಲ್ಲಿ ಸಿಕ್ಕಿಕೊಂಡಿದ್ದವು. ಮಡಿವಾಳೆಪ್ಪ ಹಿಂಭಾಗಕ್ಕೆ ಟವೆಲು ಹಿಡಿದುಕೊಂಡು ಒಳಗೆ ಹೋಗುತ್ತ, ಅವಳ ಮೋತಿ ನೋಡದೆ, “ದೋಸ್ತ ಮಜೀದ ಬರ್ಲಿ. ಅವನ ಜೋಡಿ ನಾ ಹೋಗೂದs ಚಲೋ,” ಎಂದ.

ಅವಳು ಅಂಜಿಕೊಂಡಿದ್ದ ಮಾತು ಅದೇ.

ಮಡಿವಾಳೆಪ್ಪ ಮೀಸೆ ಮೂಡುವ ಮೊದಲೇ ಬೆಳಗಾವಿಗೆ ಹೋಗಿ ಮಿಲಿಟರಿ ಸೇರಿದವನು. ಬಂದೂಕಿಗಿಂತ ಹೆಚ್ಚಾಗಿ ಅವನು ಹಿಡಿದದ್ದು ನಟ್ಟು ಬಿಗಿಯುವ ಪಾನಾ. ಉತ್ತರದ ಗುಡ್ಡಗಳಲ್ಲಿ, ಹಿಮದ ನಡುವಿನ ಕ್ಯಾಂಪುಗಳಲ್ಲಿ ಜನರೇಟರು ನಡೆಸುವುದು ಅವನ ಕೆಲಸ. ಸಾಹೇಬರ ತಲೆಯ ಮೇಲೆ ಬಲ್ಬು ಉರಿಯಬೇಕು, ವೈರ್‌ಲೆಸ್ಸು ಮಾತಾಡಬೇಕು, ದವಾಖಾನೆಯ ಡೇರೆ ಬೆಚ್ಚಗಿರಬೇಕು. ಇದೆಲ್ಲ ಮಡಿವಾಳೆಪ್ಪನ ಡೇರೆಯ ಬಾಜೂಕಿನ ಹಸಿರು ಯಂತ್ರದಿಂದ. ವರ್ಷಕ್ಕೊಮ್ಮೆ ರಜೆಗೆ ಬರುತ್ತಿದ್ದ. ತಗಡಿನ ಟ್ರಂಕು ಇಳಿಸಿ, ಹೆಂಡತಿಗೊಂದು ಉಣ್ಣೆಯ ಶಾಲು ಕೊಡುತ್ತಿದ್ದ. ನವಲಗುಂದದ ಎರೆಹೊಲದ ಬಿಸಿಲಿಗೆ ಉಣ್ಣೆಯ ಶಾಲು! ರೇವವ್ವ ಅವನ್ನೆಲ್ಲ ಮಡಚಿ ಇಟ್ಟಿದ್ದಳು. ಬೇಸಿಗೆಯಲ್ಲಿ ಒಮ್ಮೊಮ್ಮೆ ತೆಗೆದು ಕೆನ್ನೆಗೆ ಹಚ್ಚಿಕೊಂಡು, ಅವನು ಎಂಥ ಚಳಿಯಲ್ಲಿದ್ದಾನೆಂದು ಬೆವರುತ್ತ ಅಂದಾಜು ಮಾಡುತ್ತಿದ್ದಳು.

ಆ ವರ್ಷಗಳಲ್ಲಿ ಅವಳು ಒಬ್ಬಳೇ ಹತ್ತಿ ಬಿಡಿಸಿದಳು, ಕಡಲೆ ಕಿತ್ತಳು, ಅತ್ತೆಯ ಮಣ್ಣು ಮಾಡಿದಳು, ಮಗಳನ್ನು ಕುಬಿಹಾಳಕ್ಕೆ ಕೊಟ್ಟು ಮದುವೆ ಮಾಡಿದಳು. ಸಂಜೆ ಹುಬ್ಬಳ್ಳಿಯ ಬಸ್ಸು ಬಂದು ನಿಂತಾಗ ಅವಳ ಕೈಯಲ್ಲಿನ ರೊಟ್ಟಿ ಒಂದು ಕ್ಷಣ ನಿಲ್ಲುತ್ತಿತ್ತು. ಬಸ್ಸು ಮುಂದೆ ಹೋದ ಮೇಲೆ ಮತ್ತೆ ತಪತಪ ಬಡಿತ. ಯಾರೂ ಇಳಿಯುವುದಿಲ್ಲವೆಂದು ಗೊತ್ತಿದ್ದೂ ಆ ಒಂದು ಕ್ಷಣವನ್ನು ಅವಳು ಬಿಡಲಿಲ್ಲ. ಇಡೀ ದಿನದಲ್ಲಿ ಗಂಡನ ಜೊತೆ ಕಳೆದ ಹೊತ್ತೆಂದರೆ ಅದೇ.

ಕಡೆಗೆ ಒಂದು ದಿನ ಪಿಂಚಣಿ ಪಡೆದು, ಟ್ರಂಕು ಹೊತ್ತು, ಅವನು ಖಾಯಮ್ಮಾಗಿ ಬಂದಿಳಿದ. ಎರಡು ವರ್ಷವಾಗಿತ್ತು. ಆದರೆ ಬಂದದ್ದು ಟ್ರಂಕು ಮತ್ತು ಮೀಸೆ ಮಾತ್ರ ಎಂದು ರೇವವ್ವನಿಗೆ ಎಷ್ಟೋ ಸಲ ಅನ್ನಿಸಿತು. ಉಣ್ಣುತ್ತ ಉಣ್ಣುತ್ತ ಕೈ ತಡೆದು ಏನನ್ನೋ ಆಲಿಸುವವನಂತೆ ಕೂತುಬಿಡುತ್ತಿದ್ದ. “ಏನ್ರೀ?” ಎಂದರೆ “ಏನಿಲ್ಲ, ಅಗದಿ ಸಪ್ಪಳs ಇಲ್ಲ ಇಲ್ಲೆ,” ಎನ್ನುತ್ತಿದ್ದ. ರೇವವ್ವನದು ಗಟ್ಟಿ ನಿದ್ದೆ. ಹೊಲದ ಕೆಲಸದ ಮೈ, ತಲೆ ಚಾಪೆಗೆ ಹತ್ತಿದರೆ ಮುಗಿಯಿತು, ಕೋಳಿ ಕೂಗುವ ತನಕ ಲೋಕದ ಪರಿವೆಯಿಲ್ಲ. ಕಣ್ಣುಜ್ಜುತ್ತ ಎದ್ದು ನೋಡಿದರೆ ಬಾಜೂಕಿನ ಹಾಸಿಗೆ ಖಾಲಿ. ಅವನು ಹೊರಗೆ ಕಟ್ಟೆಯ ಮೇಲೆ, ತಲೆಗೆ ಟವೆಲು ಸುತ್ತಿ, ಉತ್ತರದ ಕಡೆ ಮೋತಿ ಮಾಡಿ ಕೂತಿರುತ್ತಿದ್ದ. ಕಣ್ಣು ಕೆಂಪು.

“ರಾತ್ರಿ ಮಲಗಲಿಲ್ಲೇನ್ರೀ?”

“ಶೆಕಿ.”

ಚಳಿಗಾಲದಲ್ಲೂ ಶೆಕೆಯೇ. ರೇವವ್ವ ದಡ್ಡಳಲ್ಲ. ಅವನ ಮನಸ್ಸು ಆ ಗುಡ್ಡಗಳಲ್ಲೇ ಉಳಿದಿದೆ ಎಂದು ತಿಳಿದುಕೊಂಡಳು. ಅಲ್ಲಿ ಏನಿದೆ, ಯಾರಿದ್ದಾರೆ ಎಂದು ಕೇಳಲು ಧೈರ್ಯವಾಗಲಿಲ್ಲ. ಸೇಬಿನ ಕೆನ್ನೆಯ ಹೆಂಗಸರ ಚಿತ್ರವಿದ್ದ ಕ್ಯಾಲೆಂಡರೊಂದನ್ನು ಅವನು ಒಮ್ಮೆ ತಂದಿದ್ದ. ಅದನ್ನು ಅವಳು ಕಡಲೆ ತುಂಬಿಡುವ ಗುಮ್ಮಿಯ ಮೇಲೆ ಮುಚ್ಚಿದ್ದಳು, ಕೆನ್ನೆ ಕೆಳಗಾಗಿ. ದೂರ ಇದ್ದವನಿಗಾಗಿ ಹಂಬಲಿಸುವುದು ಅವಳಿಗೆ ರೂಢಿಯಾಗಿತ್ತು. ಎದುರಿಗೆ ಕೂತು ರೊಟ್ಟಿ ಮುರಿಯುವವನಿಗಾಗಿ ಹಂಬಲಿಸುವುದು ಹೇಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಇಂಥದ್ದರಲ್ಲಿ ಅಣ್ಣಿಗೇರಿಯ ಅಬ್ದುಲಮಜೀದ ಬಂದ. ಮಡಿವಾಳೆಪ್ಪನ ಜೊತೆ ಅದೇ ಕ್ಯಾಂಪಿನಲ್ಲಿದ್ದವನು, ಈಗ ಗುಡ್ಡದಲ್ಲಿ ರಸ್ತೆ ಮಾಡಿಸುವ ಗುತ್ತಿಗೆದಾರನೊಬ್ಬನ ಹತ್ತಿರ ಮೇಸ್ತ್ರಿ. “ಜನರೇಟರ ನಡೆಸೂ ಹಳೇ ಕೈ ಬೇಕಾಗ್ಯಾವೋ ದೋಸ್ತ. ಸೀಗಿ ಹುಣ್ಣಿಮಿಗೆ ಬಂದು ಕೇಳ್ತೇನಿ. ಹೂಂ ಅಂದರ ಜೋಡಿಲೇ ಹೋಗೂಣು,” ಎಂದು ಹೇಳಿ, ಚಹಾ ಕುಡಿದು ಹೋದ. ಮಡಿವಾಳೆಪ್ಪ ಹೂಂ ಅನ್ನಲಿಲ್ಲ, ಉಹೂಂ ಅಂತೂ ಅನ್ನಲಿಲ್ಲ. “ನೋಡೂಣು,” ಎಂದ. ಅವನ ‘ನೋಡೂಣು’ ಯಾವಾಗಲೂ ಹೊರಡುವ ಬಸ್ಸಿನ ಕಡೆಗೇ ನೋಡುತ್ತಿತ್ತು.

ಅದಾದ ಸ್ವಲ್ಪ ದಿನಕ್ಕೆ ಪಿಂಚಣಿಯ ಕೆಲಸಕ್ಕೆ ಬೆಳಗಾವಿಗೆ ಹೋದವನು ಅಲ್ಲಿ ಮಿಲಿಟರಿಯ ಬೇಡಾದ ಸಾಮಾನು ಹರಾಜು ಹಾಕುವ ಲಿಲಾವು ನೋಡಿ ಬಂದ. ತುಕ್ಕು ಹಿಡಿದ ಜೀಪು, ಒಂಟಿ ಬೂಟುಗಳ ನಡುವೆ ಒಂದು ಹಸಿರು ಜನರೇಟರು. “ಅಗದಿ ನನ್ನ ಮಶೀನಿನಂಥಾದ್ದs ರೇವಿ. ಸರ್‌ಪ್ಲಸ್ ಅಂತ ಬರದಾರ ಅದರ ಮ್ಯಾಲೆ,” ಎಂದ. ‘ಸರ್‌ಪ್ಲಸ್’ ಅಂದರೆ ಏನೆಂದು ಅವಳು ಕೇಳಿದಳು. “ಕೆಲಸಾ ಮುಗದ ಮ್ಯಾಲೆ ಉಳದದ್ದು,” ಎಂದ. ಹಾಗಾದರೆ ಇಬ್ಬರೂ ಒಂದೇ ಜಾತಿ, ಎಂದುಕೊಂಡಳು ರೇವವ್ವ. ಆ ದಿನ ಅವನು ಎರಡು ರೊಟ್ಟಿ ಹೆಚ್ಚು ಉಂಡ. ಅವಳು ಅದನ್ನೂ ಗಮನಿಸಿದಳು.

“ತಂದುಬಿಡ್ರಿ,” ಎಂದಳು.

ಅವನೇ ಬೆರಗಾದ. ಅವಳ ಲೆಕ್ಕ ಸರಳವಿತ್ತು. ಮೇಯಲು ಹೋದ ಎಮ್ಮೆ ಸಂಜೆ ಮನೆಗೆ ಬರಲೆಂದು ಅವಳು ದಿನಾ ಕರುವನ್ನು ಅಂಗಳದಲ್ಲಿ ಕಟ್ಟುತ್ತಿರಲಿಲ್ಲವೆ? ಇದೂ ಹಾಗೇ. ಕರು ಸ್ವಲ್ಪ ತೂಕದ್ದು, ಡೀಸೆಲ್ಲು ಕುಡಿಯುವಂಥದ್ದು, ಇಷ್ಟೇ ಫರಕು.

ಲಾರಿಯವನು ಅದನ್ನು ನವಲಗುಂದದ ದಾವೂದಸಾಬನ ವೆಲ್ಡಿಂಗ್ ಅಂಗಡಿಯ ಮುಂದೆ ಬೇವಿನ ಗಿಡದ ಕೆಳಗೆ ಇಳಿಸಿ ಹೋದ. ದಾವೂದಸಾಬ ಬಿಳಿ ಗಡ್ಡದ, ಮೆಲ್ಲನೆ ಮಾತಾಡುವ, ಹೆಣ್ಣುಮಕ್ಕಳು ಎದುರಿಗೆ ಬಂದರೆ ನೆಲ ನೋಡುವ ಮನುಷ್ಯ. ಟ್ರೇಲರು ಕಟ್ಟಿ ಆಗಿತ್ತು. ಯಂತ್ರವನ್ನು ಚೈನಿಗೆ ಹಾಕಿ ಎತ್ತಿ ಅದರ ಮೇಲೆ ಕೂಡಿಸುವುದೂ ಆಯಿತು. ಎಲ್ಲಿ ಕೂಡಿಸುವುದೆಂಬುದೇ ಪಂಚಾಯಿತಿ.

“ಚಕ್ಕಡಿ ಇದ್ದಂಗs ಇದು ಸಾಹೇಬ್ರ,” ಎಂದ ದಾವೂದಸಾಬ. “ಹಿಂಭಾರಾದರ ಮೂಕಿ ಆಕಾಶಾ ನೋಡ್ತತಿ. ಮುಂಭಾರಾದರ ಎತ್ತಾಕ ನಾಕ ಮಂದಿ ಬೇಕು. ಒಬ್ಬ ಮನಷ್ಯಾ ಎರಡ ಕೈಲೆ ಎತ್ತಿ ಟ್ರ್ಯಾಕ್ಟರಿಗೆ ಸಿಗಸೂವಂಗ ಇರಬೇಕು. ಇಂಜಿನ್ ಮಾರಿ ಮುಂದ ಮಾಡೂಣು, ತೂಕ ಇರೂದs ಅಲ್ಲೆ.”

ಮಟ್ಟ ನೋಡಲು ಹಾಸಿನ ಮುಂಭಾಗದಲ್ಲಿ ಒಂದು ಪರಾತದಲ್ಲಿ ನೀರು ಇಟ್ಟರು. ನೀರು ನೋಡಿ ಹೇಳಲು ಒಬ್ಬರು ಬೇಕಾಯಿತು. ಗಂಡಸರೆಲ್ಲ ಹಾರೆ ಹಿಡಿದು ಯಂತ್ರ ಸರಿಸುವವರು. ಹೀಗಾಗಿ ರೇವವ್ವ ಹತಾರದ ಪೆಟ್ಟಿಗೆಯ ಮೇಲೆ ಕೂತಳು. ತಾಸುಗಟ್ಟಲೆ ಕೂತಳು. “ಹಿಂದ ಹೊಂಟತ್ರಿ... ಮುಂದ ಬಂತು... ಮತ್ತ ಹಿಂದ...” ಗಂಡಸರು ಹಾರೆ ಹಾಕಿದರು, ಬೆವರು ಒರೆಸಿದರು, ಬೈದಾಡಿದರು. ಕಡೆಗೆ ಪರಾತದ ನೀರು ನಾಲ್ಕೂ ಕಡೆ ಒಂದೇ ಸಮ ನಿಂತಿತು. ದಾವೂದಸಾಬ “ಎಲ್ಲಾರೂ ಇಳೀರಿ, ಖರೇ ತೂಕ ನೋಡೂಣು,” ಎಂದ. ಹಾಸಿನ ಮೇಲಿದ್ದ ಗಂಡಸರೆಲ್ಲ ಇಳಿದರು. ಮಡಿವಾಳೆಪ್ಪ ಎರಡು ಕೈಯಲ್ಲಿ ಮೂಕಿ ಎತ್ತಿದ, ಹಗುರಾಗಿ ಎದ್ದಿತು. “ಸಮಭಾರ!” ಎಂದು ಕೂಗಿದ. ರೇವವ್ವನಿಗೆ ಅದು ‘ಸಂಭಾರ’ ಎಂದೇ ಕೇಳಿಸಿ, ಮನೆಯಲ್ಲಿ ಸಂಭಾರಪುಡಿ ತೀರಿದ್ದು ನೆನಪಾಯಿತು. ಅಂತೂ ಬೋಲ್ಟು ಬಿಗಿದರು, ವೆಲ್ಡಿಂಗ್ ಹೊಡೆದರು. ಅವಳು ಆಮೇಲೆ ಇಳಿದದ್ದು ಮೂಕಿಯನ್ನು ಟ್ರ್ಯಾಕ್ಟರಿಗೆ ಸಿಗಿಸಿದ ನಂತರ. ಊರಿಗೆ ಬಂದು ಟ್ರ್ಯಾಕ್ಟರು ಬಿಡಿಸುವಾಗಲೂ, ಪೂಜೆಯ ಹೂವಿನ ಬುಟ್ಟಿ ಹಿಡಿದು, ಅವಳು ಅದೇ ಪೆಟ್ಟಿಗೆಯ ಮೇಲಿದ್ದಳು. ಮುಂದಿನದು ಊರೇ ಕಂಡದ್ದು.

ಖಂಡೇಪೂಜೆಯ ಮರುದಿನ ಮಡಿವಾಳೆಪ್ಪ ಟ್ರೇಲರಿನ ಕಡೆ ತಿರುಗಿಯೂ ನೋಡಲಿಲ್ಲ. ಟ್ರಂಕು ಇಳಿಸಿ ಧೂಳು ಹೊಡೆದ. ಉಣ್ಣೆಯ ಟೊಪ್ಪಿಗೆಯನ್ನು ಬಿಸಿಲಿಗೆ ಹಾಕಿದ. ಬಿಸಿಲಲ್ಲಿ ಒಣಗುವ ಆ ಟೊಪ್ಪಿಗೆಯನ್ನು ರೇವವ್ವ ನೋಡಿದಳು. ಟ್ರ್ಯಾಕ್ಟರಿನವನನ್ನು ಕರೆದು, ತಾನೇ ಟ್ರೇಲರಿನ ಜೊತೆ ನವಲಗುಂದಕ್ಕೆ ಹೊರಟಳು.

ದಾವೂದಸಾಬ ಸುದ್ದಿ ಕೇಳಿ ನೆಲ ನೋಡಿದ.

“ತಪ್ಪು ನಂದs ಯಕ್ಕಾ.”

“ಎಲ್ಲಾರ್ನೂ ಇಳೀರಿ ಅಂದ್ರಿ. ನನಗ ಯಾಕ ಅನಲಿಲ್ಲ?”

“ಹೆಂಗ ಅನ್ನೂದ್ರಿ? ಹವಾಲ್ದಾರ ಸಾಹೇಬರ ಮನಿಯವರು ನೀವು. ‘ನಿಮ್ಮ ತೂಕ ಬೀಳಾಕತ್ತೈತಿ, ಇಳೀರಿ’ ಅಂತ ಒಂದ ಹೆಣ್ಣಮಗಳಿಗೆ ಹತ್ತ ಮಂದ್ಯಾಗ ಹೇಳಾಕ ಆಗ್ತದೇನು? ಬಾಯಿತನಾ ಬಂದಿತ್ತು, ನುಂಗಿಬಿಟ್ಟೆ. ಸಾಹೇಬರs ಹೇಳ್ತಾರ ಅಂತ ಮಾಡಿದ್ದೆ.”

“ಅವರ ಯಾಕ ಹೇಳಲಿಲ್ಲ?”

ದಾವೂದಸಾಬ ಗಡ್ಡ ತುರಿಸಿಕೊಂಡ. “ಅವರಿಗೆ ಲಕ್ಷ್ಯಕ್ಕs ಬರಲಿಲ್ಲ ಕಾಣಸ್ತತಿ. ನೀವು ಅಲ್ಲೆ ಕುಂತದ್ದು ಪೆಟಗಿ ಕುಂತಂಗs ಆಗಿತ್ತು.”

ರೇವವ್ವ ನಕ್ಕಳು. ನಕ್ಕು ಮುಗಿದ ಮೇಲೂ ಸೆರಗು ಬಾಯಿಂದ ತೆಗೆಯಲಿಲ್ಲ. ಇಷ್ಟು ವರ್ಷ ಆ ಮನೆಯ ಮುಂಭಾಗದಲ್ಲಿ ತಾನು ಹೀಗೇ ಕೂತಿದ್ದೆನಲ್ಲ, ಮನೆ ಒರಗದೆ ನಿಂತಿತ್ತಲ್ಲ, ಅದೂ ಅವನ ಲಕ್ಷ್ಯಕ್ಕೆ ಬಂದಿರಲಿಕ್ಕಿಲ್ಲ ಎನ್ನಿಸಿತು. ಆದರೆ ಅದನ್ನು ದಾವೂದಸಾಬನಿಗೆ ಹೇಳಿ ಏನು? ಅವನಲ್ಲಿ ಅದಕ್ಕೆ ವೆಲ್ಡಿಂಗ್ ಇರಲಿಲ್ಲ.

ಬೋಲ್ಟು ಬಿಚ್ಚಿ ಯಂತ್ರವನ್ನು ಒಂದು ಗೇಣು ಮುಂದೆ ಸರಿಸಿದರು. ಈ ಸಲ ಪರಾತದ ನೀರನ್ನು ಅವಳು ಕೆಳಗೆ ನಿಂತು ನೋಡಿದಳು. ದಾವೂದಸಾಬ ಮೂಕಿ ಎತ್ತಲು ಬಗ್ಗಿದಾಗ “ತಡೀರಿ,” ಎಂದು ತಾನೇ ಸೆರಗು ಸಿಗಿಸಿ, ಎರಡು ಕೈಯಲ್ಲಿ ಎತ್ತಿದಳು. ಎದ್ದಿತು. ನೀರು ತುಂಬಿದ ಕೊಡದಷ್ಟೇ ಭಾರ.

ಸೀಗಿ ಹುಣ್ಣಿಮೆಗೆ ಇನ್ನೇನು ಎರಡು ದಿನವಿದೆ ಎನ್ನುವಾಗ ಗಾಳಿಮಳೆ ಬಂತು. ಕರೆಂಟಿನ ಕಂಬಗಳು ಎರೆಮಣ್ಣಿನಲ್ಲಿ ಮಂಡಿಯೂರಿದವು. ಊರಿನ ಹಿಟ್ಟಿನ ಗಿರಣಿ ನಿಂತಿತು. ಹುಣ್ಣಿಮೆಗೆ ಹೊಲದಲ್ಲಿ ಚರಗ ಚೆಲ್ಲಬೇಕು. ಕಡುಬು, ರೊಟ್ಟಿ, ಪುಂಡಿಪಲ್ಯೆ ಕಟ್ಟಿಕೊಂಡು ಮನೆಮಂದಿಯೆಲ್ಲ ಭೂಮಿತಾಯಿಗೆ ಉಣಿಸಿ ತಾವು ಉಣ್ಣುವ ಹಬ್ಬ. ಹಿಟ್ಟಿಲ್ಲದೆ ಯಾವ ಹಬ್ಬ? ಹುಣ್ಣಿಮೆಯ ಹಿಂದಿನ ದಿನ ಹೊತ್ತೇರುವುದರೊಳಗೆ ಊರ ಹೆಂಗಸರೆಲ್ಲ ಜೋಳದ ಬುಟ್ಟಿ ಇಟ್ಟುಕೊಂಡು ಗಿರಣಿಯ ಮುಂದೆ ಕೂತಿದ್ದರು.

ರೇವವ್ವ ಮನೆಗೆ ಬಂದು ಗಂಡನ ಎದುರು ನಿಂತಳು.

“ಮಶೀನ ತಗೊಂಡ ಬರ್ರಿ.”

“ಮತ್ತ ಮಂದಿ ನಗಬೇಕೇನು?”

“ನಗಲಿ ಬಿಡ್ರಿ. ನಾಳೆ ಮಜೀದಣ್ಣ ಬರ್ತಾನ. ಹೋಗೂದಾದರ ಹೋಗ್ರಿ. ಹೋಗೂ ಮೊದಲ ಒಮ್ಮೆ ಅದನ್ನ ನಡಿಸಿ ತೋರಸ್ರಿ. ಇಷ್ಟ ವರ್ಷ ನೀವು ಏನ ಮಾಡ್ತಿದ್ರಿ ಅನ್ನೂದನ್ನ ನಾ ಕಣ್ಣಲೆ ನೋಡಿಲ್ಲ.”

ಮಡಿವಾಳೆಪ್ಪ ಪಾನಾ ಕೈಗೆ ತೆಗೆದುಕೊಂಡ. ಎದ್ದ.

ಟ್ರೇಲರನ್ನು ಗಿರಣಿಯ ಬಾಜೂಕ ನಿಲ್ಲಿಸಿ ಟ್ರ್ಯಾಕ್ಟರು ಬಿಡಿಸಿದರು. ಹೆಂಗಸರೆಲ್ಲ ಮೂಕಿಯನ್ನೇ ನೋಡಿದರು. ಗೌರಕ್ಕ ನಾಲ್ಕು ಹೆಜ್ಜೆ ಹಿಂದೆ ಸರಿದಳು. ಮೂಕಿ ಅಲುಗಲಿಲ್ಲ. ಮಡಿವಾಳೆಪ್ಪ ವೈರು ಜೋಡಿಸಿದ, ಡೀಸೆಲ್ಲು ನೋಡಿದ, ರೇವವ್ವನಿಗೆ ಒಂದು ಹಿಡಿಕೆ ತೋರಿಸಿ “ನಿಂದರಸಬೇಕಂದರ ಇದನ್ನ ಹಿಂದ ಜಗ್ಗು,” ಎಂದ. ಹ್ಯಾಂಡಲು ಹಾಕಿ ತಿರುವಿದ. ಒಂದು ಸಲ ಕೆಮ್ಮಿತು. ಎರಡನೆಯ ಸಲ ಕರಿಹೊಗೆ ಬಿಟ್ಟು, ಭಡಭಡಭಡ ಎಂದು ಎದ್ದೇಬಿಟ್ಟಿತು. ಗಿರಣಿಯ ಬೆಲ್ಟು ತಿರುಗಿತು. ಬಾಯಿಂದ ಬಿಸಿ ಹಿಟ್ಟು ಇಳಿಯಿತು. ಹೆಂಗಸರು ಹೋ ಎಂದು ಕೂಗಿದ್ದು ಯಾರಿಗೂ ಕೇಳಿಸಲಿಲ್ಲ.

“ಕಿವಿ ಹೋಗ್ತಾವು ನೋಡಬೇ!” ಎಂದು ಒಬ್ಬಳು ಕಿರುಚಿದಳು.

“ನನಗೇನ ಹೊಸಾದಲ್ಲ ತಗೋ,” ಎಂದು ಗೌರಕ್ಕ ತಿರುಗಿ ಕಿರುಚಿದಳು. “ಬಾಜೂ ಮನ್ಯಾಗ ದಿನಾ ಇದs ಸಪ್ಪಳ!” ಇವಳದು ಯಾವಾಗಲೂ ಒಂದು ಕೊಂಕು, ಮಡಿವಾಳೆಪ್ಪ ಹಚ್ಚುವ ರೇಡಿಯೋಕ್ಕೆ ಅನ್ನುತ್ತಿದ್ದಾಳೆ ಎಂದುಕೊಂಡು ರೇವವ್ವ ಸುಮ್ಮನಾದಳು.

ಎಲ್ಲರ ಬುಟ್ಟಿಯೂ ಪಾಳಿ ಪ್ರಕಾರ ಸಾಗುತ್ತಿದ್ದಾಗ ರೇವವ್ವ ಗಂಡನಿಗೆ ಚಹಾ ತಂದಳು. ಕಾಣಲಿಲ್ಲ. ಸುತ್ತ ಹುಡುಕಿ, ಬಗ್ಗಿ ನೋಡಿದರೆ ಟ್ರೇಲರಿನ ನೆರಳಿನಲ್ಲಿ, ಎರಡು ಗಾಲಿಗಳ ನಡುವೆ, ಟವೆಲು ತಲೆದಿಂಬು ಮಾಡಿಕೊಂಡು ಮಲಗಿಬಿಟ್ಟಿದ್ದಾನೆ. ಮೇಲೆ ಇಂಜಿನ್ನು ಗುಡುಗುತ್ತಿದೆ, ನೆಲ ನಡುಗುತ್ತಿದೆ, ಅವನ ಬಾಯಿ ತೆರೆದಿದೆ, ಮೀಸೆಯ ಮೇಲೆ ಹಿಟ್ಟಿನ ಧೂಳು.

ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ಅವನು ಮಲಗಿದ್ದನ್ನು ಅವಳು ನೋಡಿದ್ದು ಮದುವೆಯ ಹೊಸದರಲ್ಲಿ. ಆಗ ಇದ್ದ ಮುಖವೇ ಇದು. ಹಣೆಯ ಗೆರೆಗಳು ಸಡಿಲಾಗಿ, ಯಾವುದನ್ನೂ ಆಲಿಸದೆ, ಎಲ್ಲಿಗೂ ಹೊರಡದೆ ಇದ್ದ ಮುಖ. ಈಗ ನೀವು ಅಲ್ಲೇ ಇದ್ದೀರಲ್ಲ, ಆ ಹಿಮದಲ್ಲಿ, ಎಂದುಕೊಂಡಳು. ನಾನೂ ಒಮ್ಮೆ ಬಂದು ನೋಡಬಹುದಾಗಿತ್ತು. ಅಷ್ಟೊಂದು ಶಾಲು ಇದ್ದವು. ಚಹಾ ಆರಿಹೋಯಿತು. ಅವಳು ಏಳಲಿಲ್ಲ.

ಹೆಗಲಿಗೆ ಚೀಲ ಹಾಕಿಕೊಂಡು ಅಬ್ದುಲಮಜೀದ ಬಂದದ್ದು ಅಷ್ಟರಲ್ಲೇ. ಒಂದು ದಿನ ಮೊದಲೇ ಬಂದಿದ್ದ, ಬಸ್ಸುಗಳನ್ನು ನಂಬುವಂತಿಲ್ಲವೆಂದು. ಬಗ್ಗಿ ಗೆಳೆಯನನ್ನು ನೋಡಿ ಗಹಗಹಿಸಿ ನಕ್ಕ. ರೇವವ್ವನ ಕಿವಿಯ ಹತ್ತಿರ ಬಂದು ಕೂಗಿ ಹೇಳಿದ: “ಅಲ್ಲೂ ಹಿಂಗs ವೈನೀ! ಡೇರೇದಾಗ ಮಲಗಂದರ ಒಲ್ಲೆ ಅಂತಿದ್ದ, ಇದರ ಬುಡಕs ಬೀಳತಿದ್ದ! ಎಬ್ಬಸ್ರಿ, ಹೂಂ ಅಂತಾನೋ ಉಹೂಂ ಅಂತಾನೋ ಕೇಳೂಣು!”

“ಹಿಟ್ಟ ಮುಗೀಲಿ,” ಎಂದಳು ರೇವವ್ವ. ಇನ್ನಷ್ಟು ಹೊತ್ತು ಅವನು ಹಾಗೇ ಇರಲಿ ಎಂದು ಅವಳಿಗಿತ್ತು. ಜೋಳದ ಬುಟ್ಟಿಗಳ ಸಾಲು ಇನ್ನೂ ಉದ್ದ ಇರಬಾರದಿತ್ತೇ ಎಂದೂ ಇತ್ತು.

ಆದರೆ ಕಡೆಯ ಬುಟ್ಟಿಯೂ ಬಂತು, ಅದು ಗೌರಕ್ಕನದು. ಗಿರಣಿಯವನು ಕೈ ಬೀಸಿದ. ರೇವವ್ವ ಎದ್ದು, ಸೆರಗಿನಿಂದ ಕೈ ಒರೆಸಿಕೊಂಡು, ಹಿಡಿಕೆಯನ್ನು ಹಿಂದೆ ಜಗ್ಗಿದಳು. ಯಂತ್ರ ಎರಡು ಸಲ ಬಿಕ್ಕಿ ನಿಂತಿತು.

ಆ ನಿಶ್ಶಬ್ದಕ್ಕೆ ಯಾರೋ ಬಡಿದೆಬ್ಬಿಸಿದಂತೆ ಮಡಿವಾಳೆಪ್ಪ ಎದ್ದು ಕೂತ. ಅಚ್ಚಿಗೆ ತಲೆ ಬಡಿಯಿತು. ಕೆಂಪು ಹೋಗಿ ತಿಳಿಯಾದ ಕಣ್ಣುಗಳಿಂದ ಮೊದಲು ಮಜೀದನನ್ನು ನೋಡಿದ, ಆಮೇಲೆ ಹೆಂಡತಿಯನ್ನು.

“ಏನಪಾ ದೋಸ್ತ, ಬರ್ತಿಯೋ ಇಲ್ಲೋ?” ಎಂದ ಮಜೀದ.

ಮಡಿವಾಳೆಪ್ಪ ಆಕಳಿಸಿದ. ಎಂಥ ಆಕಳಿಕೆ, ಎರಡು ವರ್ಷದ್ದು. “ಇಲ್ಲೋ ಮಜೀದ. ಬರಂಗಿಲ್ಲ. ನಿದ್ದಿ ಇಲ್ಲೇ ಬಂತಲ್ಲೋ.”

ರೇವವ್ವ ಮೂಕಿ ಹಿಡಿದುಕೊಂಡು ನಿಂತಳು. ಇಷ್ಟಾದ ಮೇಲೆ ಕೇಳಿಬಿಡಬೇಕೆನ್ನಿಸಿತು. ಆ ಕ್ಯಾಲೆಂಡರಿನ ಕೆನ್ನೆಗಳನ್ನೂ ಸೇರಿಸಿ, ಎರಡು ವರ್ಷ ಗುಮ್ಮಿಯಲ್ಲಿ ಮುಚ್ಚಿಟ್ಟದ್ದನ್ನೆಲ್ಲ.

“ಮತ್ತ ದಿನಾ ರಾತ್ರಿ ಕಟ್ಟಿ ಮ್ಯಾಲೆ ಕುಂತು, ಆ ಕಡೆ ಮೋತಿ ಮಾಡಿ, ಯಾರನ್ನ ನೆನಸ್ತಿದ್ರಿ?”

ಮಡಿವಾಳೆಪ್ಪ ಕಿವಿ ತುರಿಸಿಕೊಂಡ. ಹಿಟ್ಟಿನ ಬುಟ್ಟಿ ಹೊತ್ತು ನಿಂತ ಗೌರಕ್ಕನ ಕಡೆ ಒಮ್ಮೆ ನೋಡಿ ದನಿ ಇಳಿಸಿದ. ಆದರೆ ಜನರೇಟರು ನಿಂತ ಹೊತ್ತಿನಲ್ಲಿ ಇಳಿದ ದನಿಯೂ ಊರಿಗೆಲ್ಲ ಕೇಳುತ್ತದೆ.

“ಯಾರನ್ನೂ ಇಲ್ಲ, ರೇವಿ. ನೀ ಗೊರಕಿ ಹೊಡೀತಿ.”